ಯಾವ ಬಸಪ್ಪರೀ?

ಹರಿಹರದ ಹತ್ತಿರ ರೈಲು ತುಂಗಭದ್ರಾ ಸೇತುವೆ ದಾಟುತ್ತಿದ್ದಂತೆ ಕನ್ನಡದ ಒಂದು ಪದದ ಅರ್ಥವೇ ಬದಲಾಗಿಬಿಡುತ್ತದೆ. ಆ ಪದ ‘ಅಡ್ಡಹೆಸರು’. ಹೊಳೆಯ ಈ ಕಡೆ, ಅಂದ್ರೆ ಬೆಂಗಳೂರು, ಮೈಸೂರು, ಮಂಡ್ಯದಲ್ಲಿ ‘ನಿನ್ನ ಅಡ್ಡಹೆಸರೇನು?’ ಅಂತ ಯಾರನ್ನಾದರೂ ಕೇಳಿ ನೋಡಿ. ಸ್ವಲ್ಪ ನಾಚಿಕೊಂಡು ‘ಗುಂಡ’, ‘ಪುಟ್ಟಿ’, ‘ಚಿನ್ನಿ’ ಅಂತಾರೆ. ಮನೇಲಿ ಮುದ್ದಿಗೆ ಕರೆಯೋ ಹೆಸರು, ಇಲ್ಲಾ ಗೆಳೆಯರು ರೇಗಿಸೋಕೆ ಇಟ್ಟ ಹೆಸರು. ಹೊಳೆಯ ಆ ಕಡೆ, ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಅದೇ ಪ್ರಶ್ನೆ ಕೇಳಿದರೆ ಯಾರೂ ನಾಚಿಕೊಳ್ಳೋದಿಲ್ಲ. ‘ಅಂಗಡಿ’, ‘ಬಡಿಗೇರ’, ‘ಮುಳಗುಂದ’ ಅಂತ ಆಧಾರ್ ಕಾರ್ಡಿನಲ್ಲಿರುವ ಕೊನೆಯ ಪದ ಹೇಳ್ತಾರೆ. ಒಂದು ಕಡೆ ಅದು ನಿಕ್‌ನೇಮ್, ಇನ್ನೊಂದು ಕಡೆ ಸರ್‌ನೇಮ್.

ಎರಡಕ್ಕೂ ಒಂದೇ ಪದ ಯಾಕೆ ಅನ್ನೋದಕ್ಕೆ ನಿಘಂಟು ನೋಡಬೇಕಾಗಿಲ್ಲ. ಗದಗ ಜಿಲ್ಲೆಯ ಯಾವುದಾದರೂ ಹಳ್ಳಿಯಲ್ಲಿ ನಾಲ್ಕು ದಿನ ಇದ್ದು ಬಂದರೆ ಸಾಕು. ನಾನು ಹೋದ ಚಳಿಗಾಲದಲ್ಲಿ ಮಗಳನ್ನು ಕಟ್ಟಿಕೊಂಡು ಹೋಗಿದ್ದು ನಮ್ಮ ತವರೂರಿಗೆ. ಹೋಗಿದ್ದಕ್ಕೆ ಒಂದು ಕಾರಣ ಇತ್ತು.

ನನ್ನ ಅಡ್ಡಹೆಸರು ಹುಣಸೀಮರದ. ಹೌದು, ಅಷ್ಟೇ. ಬೆಂಗಳೂರಿನಲ್ಲಿ ಕೊರಿಯರ್ ಹುಡುಗರಿಂದ ಹಿಡಿದು ಬ್ಯಾಂಕಿನ ಕೌಂಟರ್‌ವರೆಗೆ ಎಲ್ಲರೂ ಒಂದು ಕ್ಷಣ ನಿಂತು, ‘ಮರದ... ಮುಂದೆ ಏನು ಮೇಡಂ?’ ಅಂತ ಕೇಳಿದ್ದಾರೆ. ನನ್ನ ಗಂಡ ಮಂಡ್ಯದ ಕಡೆಯವರು. ಅವರಿಗೆ ಸರ್‌ನೇಮ್ ಇಲ್ಲ, ಎರಡು ಇನಿಶಿಯಲ್ ಇವೆ. ಮಗಳು ಹುಟ್ಟಿದಾಗ ಹೆಸರು ತುಂಬಿಸದೆ ಜನನ ನೋಂದಣಿ ಮಾಡಿಸಿದ್ದೆವು. 12 ತಿಂಗಳೊಳಗಾದರೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ತೊಟ್ಟಿಲಲ್ಲಿ ಇಟ್ಟ ಹೆಸರಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಅದರ ಮುಂದಿನ ಪದಕ್ಕೆ. ನನಗೆ ಅಣ್ಣ ತಮ್ಮಂದಿರಿಲ್ಲ. ಮಗಳು ಹುಣಸೀಮರದ ಅಂತ ಆಗದಿದ್ದರೆ ನಮ್ಮ ಮನೆಯ ಆ ಹೆಸರು ನನಗೇ ಮುಗಿಯುತ್ತದೆ. ಆದರೆ ಅಮ್ಮನ ತವರಿನ ಒಂದು ಗಿಡದ ಹೆಸರನ್ನು ಮಂಡ್ಯದ ಮೊಮ್ಮಗಳು ಜೀವನಪೂರ್ತಿ ಹೊತ್ತುಕೊಂಡು ತಿರುಗಬೇಕಾ? ‘ನಿಮ್ಮಪ್ಪನ್ನ ಒಂದ್ಸಲ ಕೇಳ್ಕೊಂಡು ಬಾ. ಅದು ಎಲ್ಲಿಂದ ಬಂತು ಅಂತ ಗೊತ್ತಾದ್ರೆ ತೀರ್ಮಾನ ಮಾಡೋದು ಸುಲಭ’ ಅಂದರು ಗಂಡ. ಮಗಳಿಗೆ ಆಗ 11 ತಿಂಗಳು.

ಊರು ಬಿಟ್ಟವರ ಹೆಸರು

ಹೊಳೆ ದಾಟಿದ ಮೇಲೆ ರಾಣೆಬೆನ್ನೂರು, ಹಾವೇರಿ. ಅಲ್ಲಿಂದ ಮುಂದೆ ರೈಲಿನ ಕಿಟಕಿಯಿಂದ ಕಾಣುವ ಸ್ಟೇಷನ್ ಬೋರ್ಡುಗಳನ್ನು ಓದುತ್ತಾ ಹೋದರೆ ಯಾರದೋ ಮನೆಯ ಹೆಸರುಗಳನ್ನು ಓದಿದ ಹಾಗಿರುತ್ತದೆ. ನಮ್ಮ ಕಡೆ ಊರಿನ ಹೆಸರೇ ಮನೆತನದ ಹೆಸರಾಗೋದು ಬಹಳ ಮಾಮೂಲು. ಕೀರ್ತಿನಾಥ ಕುರ್ತಕೋಟಿಯವರ ಕುರ್ತಕೋಟಿ ಗದಗ ತಾಲ್ಲೂಕಿನ ಹಳ್ಳಿ. ಮಲ್ಲಿಕಾರ್ಜುನ ಮನ್ಸೂರರ ಮನ್ಸೂರು ಧಾರವಾಡದ ಪಕ್ಕದ ಊರು.

ಇದರಲ್ಲಿ ಒಂದು ತಮಾಷೆ ಇದೆ. ಊರಿನ ಹೆಸರು ಸಿಗೋದು ಆ ಊರು ಬಿಟ್ಟವರಿಗೆ. ಹಾನಗಲ್ಲಿನಲ್ಲೇ ಇರುವವರನ್ನು ‘ಹಾನಗಲ್’ ಅಂತ ಕರೆದರೆ ಯಾರು ಅಂತ ಗೊತ್ತಾಗಬೇಕು? ಅಲ್ಲಿ ಎಲ್ಲರೂ ಹಾನಗಲ್ಲಿನವರೇ. ಬೇರೆ ಊರಿಗೆ ಬಂದು ನೆಲೆಸಿದಾಗ ಮಾತ್ರ ಅಲ್ಲಿನವರು, ‘ಅವರಾ? ಹಾನಗಲ್ಲಿನವರು’ ಅಂತ ಗುರುತು ಹಿಡೀತಾರೆ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ವಿ.ಕೃ. ಗೋಕಾಕ ಹುಟ್ಟಿದ್ದು ಸವಣೂರಿನಲ್ಲಿ. ಆ ‘ಗೋಕಾಕ’ ಎಷ್ಟು ದೂರ ಬಂತು ನೋಡಿ. ಬೆಳಗಾವಿ ಜಿಲ್ಲೆಯ ಒಂದು ಊರು ಒಂದು ಮನೆತನದ ಹೆಸರಾಯಿತು. ಆ ಮನೆತನದ ಒಬ್ಬರು ಅಧ್ಯಕ್ಷರಾಗಿದ್ದ ಸಮಿತಿ ಕೊಟ್ಟ ಭಾಷಾ ವರದಿ ಜನರ ಬಾಯಲ್ಲಿ ‘ಗೋಕಾಕ್ ವರದಿ’ ಆಯಿತು. ಅದರ ಜಾರಿಗಾಗಿ 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಹೋರಾಟ ‘ಗೋಕಾಕ್ ಚಳವಳಿ’ ಆಯಿತು. ಚಳವಳಿ ನಡೆದದ್ದು ಗೋಕಾಕ ಊರಿನ ಸಲುವಾಗಿ ಅಲ್ಲ.

ಹುಬ್ಬಳ್ಳಿ ಇನ್ನೇನು ಬಂತು ಅನ್ನುವಾಗ ಕುಂದಗೋಳ ಸ್ಟೇಷನ್ ಹಿಂದಕ್ಕೆ ಸರಿಯುತ್ತದೆ. ಇಲ್ಲಿಯ ರಾಮಭಾವೂ ಕುಂದಗೋಳಕರ ಅನ್ನೋ ಗಾಯಕರ ಹೆಸರು ನೀವು ಕೇಳಿರಲಿಕ್ಕಿಲ್ಲ. ಸವಾಯಿ ಗಂಧರ್ವ ಅಂದರೆ ಕೇಳಿರ್ತೀರಿ. ಇಬ್ಬರೂ ಒಬ್ಬರೇ. ಆ ಕಾಲದ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹೆಸರು ದೊಡ್ಡದು. ‘ಸವಾಯಿ’ ಅಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಅಂತ ಮೆಚ್ಚಿ ಕರೆದ ಹೆಸರು ಅಂಟಿಕೊಂಡಿತು, ಹುಟ್ಟುಹೆಸರು ಹಿಂದೆ ಸರಿಯಿತು. ಅವರ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಗುರುವಿನ ನೆನಪಿಗೆ ಸಂಗೀತೋತ್ಸವ ಶುರು ಮಾಡಿದಾಗಲೂ ಇಟ್ಟಿದ್ದು ಆ ಹೆಸರನ್ನೇ. ಈಗ ಪುಣೆಯವರು ಆ ಉತ್ಸವವನ್ನು ಬರೀ ‘ಸವಾಯಿ’ ಅಂತಾರೆ. ಗಂಧರ್ವನೂ ಹೋಗಿ, ಒಂದೂಕಾಲು ಮಾತ್ರ ಉಳಿದಿದೆ.

ಹುಬ್ಬಳ್ಳಿಯಲ್ಲಿ ಇಳಿದೆ. ಜಗತ್ತಿನಲ್ಲೇ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಪ್ಲಾಟ್‌ಫಾರ್ಮ್ ಇಲ್ಲೇ ಇರೋದು. ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟಿದ್ದಾರೆ. ಸಿದ್ಧಾರೂಢರೆಂದರೆ ಈ ಊರಿಗೆ ಬಹಳ ಭಕ್ತಿ. ಹಾಗಂತ ಆಟೋದವರು ‘ಎಲ್ಲಿಗ್ರೀ? ಟೇಷನ್ನಿಗೇನ್ರೀ?’ ಅನ್ನೋದು ತಪ್ಪಿಲ್ಲ. ಬೆಂಗಳೂರಿನವರಿಗೆ ಇದು ಹೊಸದಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಅಂತ ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರ್ ಕೂಗೋದು ‘ಮೆಜೆಸ್ಟಿಕ್’ ಅಂತಲೇ. ಆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸ್ ಈಗ ಇಲ್ಲ. ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟಾಗಿದೆ. ‘ಭಾನುವಾರ ಚಾಮರಾಜೇಂದ್ರ ಉದ್ಯಾನಕ್ಕೆ ಹೋಗೋಣ್ವಾ?’ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದಾರಾ? ಸಭೆ ಮಾಡಿ ಇಟ್ಟ ಹೆಸರು ಬೋರ್ಡಿನ ಮೇಲೆ ಇರುತ್ತದೆ. ದಾರಿ ಕೇಳುವವನಿಗೆ ಉತ್ತರವಾಗಿ ಸಿಕ್ಕ ಹೆಸರು ಬಾಯಲ್ಲಿ ಇರುತ್ತದೆ.

ಗದಗಿನ ಬಸ್ ಹಿಡಿದೆ. ಅಣ್ಣಿಗೇರಿ ದಾಟಿ ಗದಗ. ಈ ಊರಿನ ವೀರನಾರಾಯಣ ದೇವರ ಭಕ್ತನಾಗಿದ್ದ ನಾರಣಪ್ಪ ಬರೆದ ಕಾವ್ಯದ ಹೆಸರು ‘ಕರ್ಣಾಟ ಭಾರತ ಕಥಾಮಂಜರಿ’. ಕವಿಗೆ ಜನ ಬಲ್ಲ ಹೆಸರು ಕುಮಾರವ್ಯಾಸ. ಕಾವ್ಯಕ್ಕೆ ಜನ ಕೊಟ್ಟ ಹೆಸರು ‘ಗದುಗಿನ ಭಾರತ’. ಭಾರತದ ಕಥೆ ಕನ್ನಡದಲ್ಲಿ ಬೇರೆಯವರೂ ಬರೆದಿದ್ದಾರೆ, ಪಂಪನೇ ಬರೆದಿದ್ದಾನಲ್ಲ. ಹಾಗಾಗಿ ‘ಯಾವ ಭಾರತ?’ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ‘ಗದುಗಿನ ಭಾರತ’ ಅನ್ನೋದು ಆ ಪ್ರಶ್ನೆಗೆ ಉತ್ತರ. ಅಡ್ಡಹೆಸರು ಹುಟ್ಟೋದೂ ಹೀಗೇ.

ಒಂದು ಓಣಿ, ಏಳು ಬಸಪ್ಪ

ನಮ್ಮೂರಲ್ಲಿ ಬಸ್ ಇಳಿದು ಅಗಸಿ ದಾಟಿದರೆ ಕಟ್ಟೆಯ ಮೇಲೆ ಕೂತ ಹಿರಿಯರು ಮೊದಲು ಕೇಳೋದು, ‘ಯಾರ ಪೈಕಿ ಯವ್ವಾ ನೀ?’ ಅಂತ. ‘ಬಸಪ್ಪನ ಮೊಮ್ಮಗಳು’ ಅಂದೆ. ಕೂಡಲೇ ಬಂತು: ‘ಯಾವ ಬಸಪ್ಪ?’

ಅವರ ತಪ್ಪೇನಿಲ್ಲ. ಅಪ್ಪ ಲೆಕ್ಕ ಹಾಕಿ ಹೇಳಿದ ಪ್ರಕಾರ, ಅವರು ಚಿಕ್ಕವರಿದ್ದಾಗ ನಮ್ಮ ಓಣಿಯೊಂದರಲ್ಲೇ ಏಳು ಜನ ಬಸಪ್ಪ ಇದ್ದರಂತೆ. ಮನೆದೇವರ ಹೆಸರು, ಸತ್ತ ಅಜ್ಜನ ಹೆಸರು, ಹರಕೆ ಹೊತ್ತ ದೇವರ ಹೆಸರು. ಹೆಸರು ಹುಡುಕಲು ಹೊರಗೆ ಹೋಗುವ ಪದ್ಧತಿಯೇ ಇರಲಿಲ್ಲ. ಬಸಪ್ಪ, ಮಲ್ಲಪ್ಪ, ಈರಪ್ಪ, ಯಲ್ಲಪ್ಪ, ಫಕ್ಕೀರಪ್ಪ, ಹನಮಪ್ಪ. ಹೆಣ್ಣುಮಕ್ಕಳಾದರೆ ಬಸವ್ವ, ನೀಲವ್ವ, ಯಲ್ಲವ್ವ. ತಲೆಮಾರಿನಿಂದ ತಲೆಮಾರಿಗೆ ಇದೇ ಹತ್ತು ಹದಿನೈದು ಹೆಸರು ಸುತ್ತು ಹೊಡೀತಾ ಇದ್ದವು. ಸಾಲ ಕೊಟ್ಟದ್ದು ಯಾವ ಬಸಪ್ಪನಿಗೆ, ಎತ್ತು ಕೇಳಿದ್ದು ಯಾವ ಬಸಪ್ಪ, ಹುಷಾರಿಲ್ಲದ್ದು ಯಾವ ಬಸಪ್ಪನಿಗೆ ಅಂತ ದಿನಾ ಬಿಡಿಸಿ ಹೇಳಲೇಬೇಕು. ಹಾಗೆ ಹೇಳುವಾಗ ಕಣ್ಣಿಗೆ ಬೀಳುವ ಗುರುತನ್ನೇ ಹಿಡಿದರು.

ಬೆಲ್ಲ ಮಾರುವವನು ಬೆಲ್ಲದ ಬಸಪ್ಪ. ತುಪ್ಪ ಮಾರುವವನು ತುಪ್ಪದ ಬಸಪ್ಪ. ಮನೆ ಮುಂದೆ ಕಟ್ಟೆ ಇದ್ದವನು ಕಟ್ಟೀಮನಿ, ಓಣಿಯ ಮೂಲೆಯಲ್ಲಿದ್ದವನು ಮೂಲಿಮನಿ. ಕಾಗದ ಪತ್ರ ಹೊತ್ತು ತಿರುಗುವವನು ವಾಲೀಕಾರ, ಊರು ಕಾಯುವವನು ತಳವಾರ, ಮರಗೆಲಸದವನು ಬಡಿಗೇರ, ಕಬ್ಬಿಣ ಕಾಸುವವನು ಕಮ್ಮಾರ ಅಥವಾ ಕಂಬಾರ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನ ಹಿಂದೆ ಇರೋದೂ ಆ ಕುಲುಮೆಯೇ.

ನಮ್ಮ ಅಜ್ಜನ ಮನೆ ಎದುರಿಗೆ ಒಂದು ಭಾರಿ ಹುಣಸೆಮರ ಇತ್ತು. ಅಲ್ಲಿಗೆ ನಮ್ಮ ಕಥೆ ಮುಗಿಯಿತು ಅನ್ನಿ.

ಬೆಂಗಳೂರಿನಲ್ಲಿ ಎಲ್ಲರೂ ‘ಮರದ... ಮುಂದೆ ಏನು?’ ಅಂತ ಕೇಳೋದರಲ್ಲಿ ಒಂದು ನ್ಯಾಯ ಇದೆ ಅಂತ ನನಗೆ ಹೊಳೆದದ್ದು ಅಲ್ಲೇ, ಪಡಸಾಲೆಯಲ್ಲಿ ಕೂತಾಗ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಕಂಠಪಾಠ ಮಾಡಿದ್ದು ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಬೆಲ್ಲದ, ತುಪ್ಪದ, ಹುಣಸೀಮರದ ಇವೆಲ್ಲಾ ಷಷ್ಠೀ ವಿಭಕ್ತಿ. ‘ಬೆಲ್ಲದ’ ಅಂದ ಮೇಲೆ ಏನೋ ಒಂದು ಬರಲೇಬೇಕು. ಅಂಗಡಿಯೋ, ಮನೆಯೋ, ಬಸಪ್ಪನೋ. ಹಳ್ಳಿಯಲ್ಲಿ ಅದು ಮುಂದೆ ಬರುತ್ತಿತ್ತು: ‘ಹುಣಸೀಮರದ ಬಸಪ್ಪ’. ಅರ್ಜಿಯಲ್ಲಿ ಬರೆಯುವಾಗ ಬಸಪ್ಪ ಮೊದಲಿಗೆ ಹೋದ, ಗುರುತು ಕೊನೆಗೆ ಉಳಿಯಿತು. ವಾಕ್ಯ ಅಲ್ಲೇ ಅರ್ಧಕ್ಕೆ ನಿಂತುಬಿಟ್ಟಿತು.

ಗುರುತನ್ನು ಕೊನೆಗೆ ಬರೆಯೋ ಪದ್ಧತಿ ಬಂದದ್ದು ಆಡಳಿತದ ದಾರಿಯಲ್ಲಿ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳು ಮುಂಬೈ ಆಡಳಿತದಲ್ಲಿದ್ದವು. ಅಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು ಬರೆಯಬೇಕು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮೈಸೂರು ಕಡೆಯಲ್ಲಿ ಊರು ಮುಂದೆ, ಆಮೇಲೆ ಅಪ್ಪ, ಕೊನೆಗೆ ತಾನು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇಬ್ಬರು ಕವಿಗಳ ಹೆಸರಿನಲ್ಲೇ ಎರಡು ಆಡಳಿತ ಕಾಣುತ್ತವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಅನ್ನೋ ಖಾಲಿ ಚೌಕ ನೋಡಿ ತಲೆ ಕೆರೆದುಕೊಂಡ ಮಂಡ್ಯ, ಹಾಸನದ ಗೆಳೆಯರು ನಿಮಗೂ ಇರ್ತಾರೆ. ಆ ಚೌಕಕ್ಕೆ ನಮ್ಮ ಕಡೆಯವರ ಹತ್ತಿರ ಉತ್ತರ ಸಿದ್ಧವಿತ್ತು, ಅಷ್ಟೇ. ಉತ್ತರ ಹುಣಸೆಮರವೋ ಮೆಣಸಿನಕಾಯಿಯೋ ಅನ್ನೋದು ಬೇರೆ ಮಾತು.

ಗಿಡ ಬ್ಯಾರೆ, ಮರ ಬ್ಯಾರೆ

‘ಆದ್ರ ನಾವು ಹುಣಸೀಮರದವರು ಅಲ್ಲವಾ ಯವ್ವಾ’ ಅಂದರು ಅಪ್ಪ, ಚಹಾ ಕುಡೀತಾ. ‘ನಾವು ಹುಣಸೀಗಿಡದವರು.’

ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ‘ಗಿಡ’. ಬೇವಿನಗಿಡ, ಮಾವಿನಗಿಡ, ಹುಣಸೀಗಿಡ. ಊರವರು ಅಜ್ಜನನ್ನು ಕರೆಯುತ್ತಿದ್ದದ್ದು ಹುಣಸೀಗಿಡದ ಬಸಪ್ಪ ಅಂತ. ಅಪ್ಪನನ್ನು ಸಾಲಿಗೆ ಹಚ್ಚುವಾಗ ಮಾಸ್ತರು ‘ಅಡ್ಡಹೆಸರು?’ ಅಂತ ಕೇಳಿದರು. ಅಜ್ಜನಿಗೆ ತನ್ನನ್ನು ಊರು ಕರೆಯೋ ಹೆಸರು ಗೊತ್ತಿತ್ತು, ಅದನ್ನೇ ಹೇಳಿದ. ಆ ಮಾಸ್ತರು ಬೇರೆ ಸೀಮೆಯವರು. ಪುಸ್ತಕದ ಭಾಷೆಯಲ್ಲಿ ತಿದ್ದಿ, ದುಂಡಗೆ ‘ಹುಣಸೀಮರದ’ ಅಂತ ರಜಿಸ್ಟರಿನಲ್ಲಿ ಬರೆದರು. ಎರಡು ವರ್ಷದ ಮೇಲೆ ಅಜ್ಜನ ತಮ್ಮನ ಮಗನನ್ನು ಸೇರಿಸುವಾಗ ಆ ಮಾಸ್ತರಿಗೆ ವರ್ಗವಾಗಿತ್ತು. ಹೊಸ ಮಾಸ್ತರು ಧಾರವಾಡ ಕಡೆಯವರು, ಕೇಳಿದ್ದನ್ನು ಹಾಗೇ ‘ಹುಣಸೀಗಿಡದ’ ಅಂತ ಬರೆದುಕೊಂಡರು. ಒಂದೇ ಮನೆ, ಒಂದೇ ಅಂಗಳ, ಒಂದೇ ಮರ. ಸರ್‌ನೇಮ್ ಮಾತ್ರ ಎರಡು.

ಇದು ಬಹಳ ವರ್ಷ ಬರೀ ನಗೆಚಾಟಿಕೆಯಾಗಿತ್ತು. ಅಜ್ಜ ತೀರಿಕೊಂಡು ಹೊಲದ ಉತಾರದಲ್ಲಿ ಹೆಸರು ಬದಲಾಯಿಸುವಾಗ ನಗೆ ನಿಂತಿತು. ಒಂದು ಕಚೇರಿಯಲ್ಲಿ, ‘ಗಿಡದವರು ಬ್ಯಾರೆ, ಮರದವರು ಬ್ಯಾರೆ. ನೀವು ಅಣ್ಣತಮ್ಮರ ಮಕ್ಕಳು ಅನ್ನಾಕ ಏನ್ ಆಧಾರ?’ ಅಂತ ಕೇಳಿದರಂತೆ. ವಂಶಾವಳಿ ಮಾಡಿಸಿದ್ದು, ಅಫಿಡವಿಟ್ ಮಾಡಿಸಿದ್ದು, ಸಾಕ್ಷಿಗೆ ಊರ ಹಿರಿಯರನ್ನು ಕರೆದೊಯ್ದದ್ದು, ಎಲ್ಲಾ ಸೇರಿ ಅಪ್ಪನಿಗೂ ನಮ್ಮ ಕಾಕಾನಿಗೂ ಒಂದು ವರ್ಷ ಓಡಾಟ. ಸಾಕ್ಷಿ ಹೇಳಲು ಹೋದ ಅಜ್ಜನೊಬ್ಬ ಅಧಿಕಾರಿಗೆ ಹೇಳಿದ ಮಾತು ಈಗಲೂ ಊರಲ್ಲಿ ಓಡಾಡುತ್ತದೆ: ‘ಸಾಹೇಬ್ರ, ಗಿಡಾ ಒಂದ ಐತಿ, ಬೇಕಾದ್ರ ಬಂದು ಎಣಿಸ್ರಿ.’

ಅವನು ಹಾಗೆ ಹೇಳುವ ಹೊತ್ತಿಗೆ ಆ ಗಿಡವೂ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದಿದ್ದರು. ನಾನು ಅದನ್ನು ನೋಡೇ ಇಲ್ಲ. ಅದು ಇದ್ದ ಜಾಗದಲ್ಲಿ ಈಗ ಪಂಚಾಯಿತಿಯ ನೀರಿನ ಟಾಕಿ ಇದೆ. ಬಾಯಲ್ಲಿದ್ದ ಹೆಸರು ಗುರುತಿನ ಜೊತೆ ಬದಲಾಗುತ್ತದೆ. ಗಿಡ ಹೋಗಿ ಟಾಕಿ ಬಂದರೆ, ಎರಡು ತಲೆಮಾರಿನಲ್ಲಿ ನಮ್ಮ ಮನೆ ‘ಟಾಕೀಮನಿ’ ಆಗುತ್ತಿತ್ತು. ರಜಿಸ್ಟರಿನಲ್ಲಿ ಬರೆದದ್ದಕ್ಕೆ ಆ ಚಲನೆ ಇಲ್ಲ. ಅಪ್ಪನ ಹೆಸರು ಬರೆದ ದಿನ ಎದುರಿಗೆ ಏನಿತ್ತೋ ಅದೇ ಕೊನೆ.

ಬೇರೆ ಗುರುತು ಸಿಕ್ಕವರು

ಇಷ್ಟು ಹೊತ್ತು ಹೇಳಿದ್ದೆಲ್ಲಾ ಮುದ್ದು ಮುದ್ದಾಗಿ ಕೇಳಿಸಿರಬಹುದು. ಮರುದಿನ ನನ್ನ ಹೈಸ್ಕೂಲ್ ಗೆಳೆಯನೊಬ್ಬ ಸಿಕ್ಕ. ಅವನೂ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ, ಅಮ್ಮನನ್ನು ನೋಡಲು ಬಂದಿದ್ದ. ಅವನ ಮನೆ ಊರ ಕೊನೆಯ ಓಣಿಯಲ್ಲಿ. ಶಾಲೆಯಲ್ಲಿ ಹಾಜರಿ ಕೂಗುವಾಗ ಅವನ ಅಡ್ಡಹೆಸರು ಅಂದರೆ ಅವನ ಜಾತಿ. ಅದನ್ನೂ ಯಾವುದೋ ಮಾಸ್ತರರೇ ದುಂಡಗೆ ಬರೆದದ್ದು. ಅವನಪ್ಪ ಹೊಲದಲ್ಲಿ ಎಷ್ಟು ಚೆಂದ ಬಿತ್ತುತ್ತಿದ್ದ, ಭಜನೆಯಲ್ಲಿ ಎಷ್ಟು ಚೆಂದ ದನಿ ಎತ್ತುತ್ತಿದ್ದ ಅನ್ನೋದನ್ನು ಗುರುತು ಅಂತ ಯಾರೂ ಹಿಡಿಯಲಿಲ್ಲ.

ಅವನು ಈಗ ಆ ಪದ ಬಳಸೋದಿಲ್ಲ. ಹೆಸರಿನ ಮುಂದೆ ಅಪ್ಪನ ಹೆಸರು ಬರೆದುಕೊಳ್ತಾನೆ. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಬ್ಯಾಂಕು, ಪ್ಯಾನ್, ಮಾರ್ಕ್ಸ್ ಕಾರ್ಡ್ ಅಂತ ಒಂದೊಂದಾಗಿ ತಿದ್ದಿಸಿದ್ದಾನೆ. ‘ಬೆಂಗಳೂರಾಗ ಮನಿ ಬಾಡಿಗಿ ಕೇಳಾಕ ಹೋದ್ರ, ಫುಲ್ ನೇಮ್ ಏನ್ರಿ ಅಂತಾರ. ಅವರಿಗೆ ಬೇಕಾಗಿರೂದು ನನ್ನ ನೇಮ್ ಅಲ್ಲ’ ಅಂದ. ಮಗಳ ಹೆಸರಿನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಿಮ್ಮಜ್ಜಗ ಬಾಗಲದಾಗಿನ ಗಿಡಾ ನೋಡಿ ಹೆಸರಿಟ್ರು. ನಮ್ಮಜ್ಜನ್ನ ಬಾಗಲದ ಹೊರಗ ನಿಲ್ಲಿಸಿ ಹೆಸರಿಟ್ರು. ನಿಂದು ನೀ ಇಟಗೋ, ಚಲೋ ಐತಿ. ಆದ್ರ ಎಲ್ಲಾರಿಗೂ ಚಲೋ ಐತಿ ಅಂತ ಬರೀಬ್ಯಾಡ’ ಅಂದ.

ಅವನ ಮಾತನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ. ಅಡ್ಡಹೆಸರು ಅನ್ನೋದು ನಾವು ಇಟ್ಟುಕೊಂಡದ್ದಲ್ಲ, ಬೇರೆಯವರು ನಮ್ಮನ್ನು ಹೇಗೆ ಕಂಡರು ಅನ್ನೋದರ ದಾಖಲೆ. ಕಂಡವರ ಕಣ್ಣು ಹೇಗಿತ್ತೋ ಹೆಸರು ಹಾಗೇ ಆಗುತ್ತದೆ.

ಮೂರು ದಿನದಲ್ಲಿ ಒಂದು ಹೆಸರು

ಇಷ್ಟೆಲ್ಲಾ ಹಳೆಯ ಹೆಸರುಗಳ ಬೇರು ಕೆದಕುತ್ತಾ ಕೂತಿದ್ದಾಗಲೇ ನಮ್ಮ ಮನೆಯಲ್ಲೊಂದು ಹೊಸ ಹೆಸರು ಹುಟ್ಟಿ ನಡೆಯಲು ಶುರು ಮಾಡಿತ್ತು.

ಹೋದ ದಿನ ಸಂಜೆ ಎದುರುಮನೆ ಅಮ್ಮ ಮಗಳನ್ನು ನೋಡಲು ಬಂದವರು ಕೈಯಲ್ಲಿ ಕಟಕ ರೊಟ್ಟಿಯ ಚೂರು ಕೊಟ್ಟರು. ಸಜ್ಜಿ ರೊಟ್ಟಿ, ಒಣಗಿಸಿದ್ದು, ಮೇಲೆ ಎಳ್ಳು. ಎರಡೇ ಹಲ್ಲಿನ ಕೂಸು ಅದನ್ನು ಕಡಿಯೋದೆಲ್ಲಿ ಬಂತು, ನೆಕ್ಕುತ್ತಾ ಕೂತಳು. ಆದರೆ ಕೈಯಿಂದ ಬಿಡಲಿಲ್ಲ. ಚೂರು ಕಿತ್ತುಕೊಳ್ಳಲು ಹೋದರೆ ಊರಿಗೇ ಕೇಳುವಂತೆ ಚೀರಿದಳು. ‘ಅಯ್ಯ ನನ್ನ ಕಟಕವ್ವಾ!’ ಅಂತ ಆ ಅಮ್ಮ ನಕ್ಕರು. ಅದು ಮೊದಲ ಸಲ.

ಮರುದಿನ ಬೆಳಿಗ್ಗೆ ಅವರ ಮೊಮ್ಮಕ್ಕಳು ಬಾಗಿಲಲ್ಲಿ ನಿಂತು ‘ಕಟಕವ್ವ ಎದ್ದಾಳೇನ್ರೀ?’ ಅಂದರು. ಮಕ್ಕಳ ಬಾಯಿಗೆ ಬಿದ್ದರೆ ಮುಗೀತು. ಆ ಹೆಸರಿಗೆ ಎಲ್ಲಾ ಗುಣವೂ ಇತ್ತು: ಚಿಕ್ಕದು, ಬಾಯಲ್ಲಿ ಸದ್ದು ಮಾಡುವಂಥದು, ನಗು ತರಿಸುವಂಥದು. ಮಗಳ ನಿಜವಾದ ಹೆಸರು ನಾಲ್ಕಕ್ಷರದ ಸಂಸ್ಕೃತ ಪದ. ಅವ್ವನಿಗೇ ಅದು ಸಲೀಸಾಗಿ ಹೊರಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವ್ವನೂ ‘ಕಟಕವ್ವ’ ಅನ್ನತೊಡಗಿದಳು.

ಎರಡನೇ ಸಂಜೆ ಜೋಳ ಬೀಸಿಸಲು ಗಿರಣಿಗೆ ಹೋದಾಗ ಗಿರಣಿಯ ಕಾಕಾ ಕೇಳಿದರು: ‘ಕಟಕವ್ವನ ಅವ್ವ ಅಂದ್ರ ನೀವ ಏನ್ರೀ?’ ಒಂದು ದಿನದ ಹಿಂದೆ ನಾನು ಹುಣಸೀಮರದ ಬಸಪ್ಪನ ಮೊಮ್ಮಗಳಾಗಿದ್ದೆ. ಈಗ ಕಟಕವ್ವನ ಅವ್ವ.

ಮೂರನೇ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ, ನಾನು ನೋಡೇ ಇರದ ಹುಡುಗಿಯೊಬ್ಬಳು ಮಗಳ ಕೆನ್ನೆ ಹಿಂಡಿ ‘ಏನ ಕಟಕವ್ವಾ’ ಅಂದಳು. ‘ಯಾಕ ಹಂಗ ಅಂತಾರ ಗೊತ್ತೇನ?’ ಅ೦ತ ಕೇಳಿದೆ. ‘ಇಲ್ರೀ ಅಕ್ಕಾ, ಈಕಿ ಹೆಸರ ಅದ ಅಲ್ಲೇನ್ರೀ?’ ಅಂದಳು.

ಅಡ್ಡಹೆಸರು ಚಾಲ್ತಿಗೆ ಬಂತು ಅಂತ ಯಾವಾಗ ಹೇಳಬಹುದು ಅಂತ ನನ್ನನ್ನು ಕೇಳಿದರೆ, ಆ ಕ್ಷಣ ಅಂತೀನಿ. ರೊಟ್ಟಿ ಚೂರು ನೋಡದವಳು ಕರೆದಾಗ. ಕಾರಣ ಗೊತ್ತಿರುವವರು ಕರೆಯುವವರೆಗೆ ಅದು ತಮಾಷೆ. ಕಾರಣ ಗೊತ್ತಿಲ್ಲದವರು ಕರೆಯತೊಡಗಿದರೆ ಅದು ಹೆಸರು. ಅಜ್ಜನ ಹುಣಸೀಗಿಡವೂ ಒಂದು ದಿನ ಹೀಗೇ ಯಾರದೋ ಬಾಯಿಂದ ಹೊರಟಿರಬೇಕು. ಕಟಕವ್ವನ ಪುಣ್ಯಕ್ಕೆ ಆ ಮೂರು ದಿನದಲ್ಲಿ ರಜಿಸ್ಟರ್ ಹಿಡಿದ ಮಾಸ್ತರು ಯಾರೂ ಎದುರಾಗಲಿಲ್ಲ!

ಕೊನೆಯ ಪದ

ನಾಲ್ಕನೇ ದಿನ ನನ್ನ ಗಂಡ ಕರೆದೊಯ್ಯಲು ಬಂದರು. ರಾತ್ರಿ ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು. ‘ಮಾವ, ನೀವೇನಂತೀರಿ?’

ಅಪ್ಪ ಒತ್ತಾಯ ಮಾಡುವವರಲ್ಲ. ‘ಗಿಡಾನ ಹೋತು ಅಳಿಯಂದಿರ. ಹೆಸರು ಹೋದ್ರ ಏನಾತು?’ ಅಂದರು. ಅವ್ವ ಮಾತ್ರ ಎದ್ದು ಒಳಗೆ ಹೋದಳು. ಪಾತ್ರೆ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ನನ್ನ ಗಂಡ ಯೋಚನೆ ಮಾಡಿ ಹೇಳಿದ ಲೆಕ್ಕ ಸರಳವಾಗಿತ್ತು. ‘ನನ್ನ ಇನಿಶಿಯಲ್‌ನಲ್ಲಿ ಇರೋದು ನಮ್ಮೂರು, ನಮ್ಮಪ್ಪ. ಮಗಳಿಗೆ ನನ್ನ ಹೆಸರು ಹಾಕಿದ್ರೂ ಅವಳ ಮಕ್ಕಳ ಕಾಲಕ್ಕೆ ಅದು ಇರಲ್ಲ. ನಮ್ಮಲ್ಲಿ ಯಾವ ಹೆಸರೂ ಒಂದು ತಲೆಮಾರಿಗಿಂತ ಜಾಸ್ತಿ ಬಾಳಲ್ಲ. ನಿಮ್ಮದು ಮೂರು ತಲೆಮಾರು ಬಂದಿದೆಯಲ್ಲ, ನಾವ್ಯಾಕೆ ನಿಲ್ಲಿಸ್ಬೇಕು?’ ನಾನು ಗೆಳೆಯನ ಮಾತು ಹೇಳಿದೆ. ಅವಳಿಗೆ ದೊಡ್ಡವಳಾದ ಮೇಲೆ ಬೇಡ ಅನ್ನಿಸಿದರೆ ತೆಗೆದುಹಾಕಬಹುದು, ಆಗ ಯಾರೂ ಅಡ್ಡ ಬರಬಾರದು ಅಂತ ಮಾತಾಯಿತು. ಮೊದಲು ಅವಳ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಮ್ಮನ ಮನೆಯ ಮರ. ನಮ್ಮ ಕಡೆಯ ಮೂರು ಪದದ ಲೆಕ್ಕಕ್ಕೆ ಸರಿಹೊಂದುತ್ತದೆ, ಮನೆತನ ಮಾತ್ರ ಅಮ್ಮನ ಕಡೆಯದು.

ಬೆಂಗಳೂರಿಗೆ ಬಂದ ವಾರದಲ್ಲಿ ಅರ್ಜಿ ಕೊಟ್ಟೆವು. ‘ಹುಣಸೀಗಿಡದ’ ಅಂತ ಬರೆಸಿ ಅಜ್ಜನ ಬಾಯಿಮಾತಿಗೆ ವಾಪಸ್ ಹೋಗಬೇಕು ಅಂತ ನನಗೆ ಒಂದು ಕ್ಷಣ ಆಸೆಯಾಗಿತ್ತು. ಆ ಕಚೇರಿ, ಆ ಅಫಿಡವಿಟ್, ಆ ಒಂದು ವರ್ಷದ ಓಡಾಟ ನೆನಪಾಗಿ ಸುಮ್ಮನಾದೆ. ಅಮ್ಮ ಮರ, ಮಗಳು ಗಿಡ ಅಂತಾದರೆ ನಾಳೆ ಇವಳೂ ಸಾಕ್ಷಿ ಕರೆದೊಯ್ಯಬೇಕಾದೀತು.

ನಿಮ್ಮ ಮನೆಗೂ ಒಂದು ಅಡ್ಡಹೆಸರು ಇದ್ದೇ ಇರುತ್ತದೆ. ಆಧಾರ್‌ನಲ್ಲಿ ಇಲ್ಲದಿದ್ದರೂ ಊರವರ ಬಾಯಲ್ಲಿ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತವರನ್ನು ಕೇಳಿ ನೋಡಿ. ಕಾರಣ ಗೊತ್ತಿರುವವರು ಇನ್ನೂ ಒಬ್ಬಿಬ್ಬರು ಇರ್ತಾರೆ.

ಕಟಕವ್ವನ ಸುದ್ದಿ ಹೇಳಲಿಲ್ಲ ಅಲ್ವಾ? ಹೋದ ತಿಂಗಳು ಅವ್ವ ನಮ್ಮಲ್ಲಿಗೆ ಬಂದು ಎಂಟು ದಿನ ಇದ್ದು ಹೋದಳು. ದಿನಾ ಸಂಜೆ ಮೊಮ್ಮಗಳನ್ನು ಎತ್ತಿಕೊಂಡು ಅಪಾರ್ಟ್‌ಮೆಂಟಿನ ಗೇಟಿನ ತನಕ ಹೋಗೋದು, ಕರೆದು ಮಾತಾಡಿಸೋದು ನಡೆದಿತ್ತು. ಅವಳು ಊರಿಗೆ ಹೋದ ಮರುದಿನ ನಾನು ಆಫೀಸಿನಿಂದ ಬರುವಾಗ ವಾಚ್‌ಮನ್ ಕೇಳಿದರು: ‘ಏನ್ ಮೇಡಂ, ಕಟಕಮ್ಮ ಇವತ್ತು ಕೆಳಗೆ ಬರ್ಲೇ ಇಲ್ಲ?’ ಅವರು ರಾಮನಗರದ ಕಡೆಯವರು. ಕಟಕ ರೊಟ್ಟಿ ನೋಡಿದವರಲ್ಲ. ಹೊಳೆ ದಾಟಿ ಈ ಕಡೆ ಬಂದದ್ದಕ್ಕೆ ಅವ್ವ ಅಮ್ಮನಾಗಿದ್ದಾಳೆ, ಅಷ್ಟೇ.